ತುಮಕೂರಿನಲ್ಲಿ ಮನೆ ಕೊಳ್ಳುವ ಮುನ್ನ: ಗೋಡೆ ಆಮೇಲೆ, ಮೊದಲು ನೆಲ ನೋಡಿ

ತುಮಕೂರಿನಲ್ಲಿ ಮನೆ ಹುಡುಕುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ. ಎಷ್ಟು ಹೇಳ್ತಾರೆ? ಎಷ್ಟು ಚದರ? ಯಾವ ದಿಕ್ಕು? ಬೋರ್ ಇದೆಯಾ? ಅಡ್ವಾನ್ಸ್ ಕೊಟ್ಟಾದ ಮೇಲೆ, ಕೊನೆಗೆ, "ಪೇಪರ್ಸ್ ಎಲ್ಲ ಕ್ಲಿಯರ್ ಇದೆ ತಾನೆ?" ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ ಎಂದು ಹೇಳುವುದಕ್ಕೇ ಈ ಲೇಖನ. ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಕರೆಸಬಹುದು. ಗೋಡೆಯ ಕೆಳಗಿನ ನೆಲದ ಹಕ್ಕು ಬಿರುಕು ಬಿಟ್ಟಿದ್ದರೆ ವಕೀಲರ ಮನೆಗೂ ಕೋರ್ಟಿಗೂ ಅಲೆಯಬೇಕು. ನಮ್ಮ ಊರಿನ ಹೊಸ ಬಡಾವಣೆಗಳೆಲ್ಲ ಹಿಂದೆ ಯಾರದೋ ರಾಗಿ ಹೊಲ, ಯಾರದೋ ತೆಂಗಿನ ತೋಟ. ಆ ಹೊಲ ಸೈಟಾಗಿದ್ದು ಹೇಗೆ, ಆ ಹೊಲದಲ್ಲಿ ಯಾರ್‍ಯಾರಿಗೆ ಪಾಲಿತ್ತು? ತಕರಾರುಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಹುಟ್ಟುತ್ತವೆ.

ಮೊದಲು ಜೇಬಿನ ಲೆಕ್ಕ

ಮನೆಯ ಬೆಲೆ 50 ಲಕ್ಷ ಅಂದುಕೊಳ್ಳಿ. ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅಂದರೆ ಎರಡೂವರೆ ಲಕ್ಷ. ಆ ಶುಲ್ಕದ ಮೇಲೆ ಶೇ. 10 ಸೆಸ್, ಶೇ. 2 ಸರ್‌ಚಾರ್ಜ್ ಸೇರಿ 30 ಸಾವಿರ. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅಂದರೆ ಒಂದು ಲಕ್ಷ. ಒಟ್ಟು 3 ಲಕ್ಷ 80 ಸಾವಿರ. ಈ ಲೆಕ್ಕ ನೀವು ಕೊಡುವ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ದರ, ಯಾವುದು ಹೆಚ್ಚೋ ಅದರ ಮೇಲೆ ನಡೆಯುತ್ತದೆ. ಇದರ ಜೊತೆಗೆ ಬ್ರೋಕರ್ ಕಮಿಷನ್, ವಕೀಲರ ಫೀಸು, ಪತ್ರ ಬರಹಗಾರರ ಖರ್ಚು, ಸುಣ್ಣಬಣ್ಣ.

ಸಾಲ ಎಷ್ಟು ಸಿಗುತ್ತದೆ? ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಮೌಲ್ಯದ ಗರಿಷ್ಠ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಆ ಮೌಲ್ಯವನ್ನು ಕಟ್ಟುವುದು ಬ್ಯಾಂಕಿನ ವ್ಯಾಲ್ಯುಯರ್, ಮಾರುವವರಲ್ಲ. ಹಳೇ ಮನೆಯಾದರೆ ಅವರ ಲೆಕ್ಕ ನಿಮ್ಮ ಮಾತುಕತೆಯ ಬೆಲೆಗಿಂತ ಸಾಕಷ್ಟು ಕೆಳಗೇ ನಿಲ್ಲಬಹುದು. ಹಾಗಾಗಿ 50 ಲಕ್ಷದ ಮನೆಗೆ ಕೈಯಲ್ಲಿ ಹತ್ತು ಲಕ್ಷ ಇದ್ದರೆ ಸಾಕು ಎಂದು ಹೊರಡಬೇಡಿ. ಹದಿನೈದು, ಹದಿನಾರು ಇಟ್ಟುಕೊಂಡರೆ ಕೊನೇ ವಾರದಲ್ಲಿ ಚಿನ್ನ ಅಡ ಇಡುವ ಪ್ರಮೇಯ ಬರುವುದಿಲ್ಲ.

"ಪತ್ರದಲ್ಲಿ ಮೂವತ್ತು ಬರೆಸೋಣ ಸಾರ್, ಮಿಕ್ಕಿದ್ದು ಕ್ಯಾಶ್ ಕೊಟ್ಬಿಡಿ" ಎನ್ನುವ ಮಾತು ಬಂದೇ ಬರುತ್ತದೆ. ಒಪ್ಪಿದರೆ ನಷ್ಟ ನಿಮಗೇ. ಬ್ಯಾಂಕು ಪತ್ರದ ಬೆಲೆಗೆ ತಕ್ಕಂತೆ ಸಾಲ ಕೊಡುತ್ತದೆ. ಮುಂದೆ ನೀವೇ ಮಾರುವಾಗ ಕೊಂಡ ಬೆಲೆ ಮೂವತ್ತೇ ಎಂದಾಗಿ ತೆರಿಗೆ ಏರುತ್ತದೆ. ವ್ಯವಹಾರ ಮುರಿದರೆ ಕ್ಯಾಶ್ ಕೊಟ್ಟಿದ್ದಕ್ಕೆ ದಾಖಲೆ ಇರುವುದಿಲ್ಲ. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ.

ಏರಿಯಾ

ಅಶೋಕನಗರ, ಎಸ್‌ಐಟಿ ಬಡಾವಣೆ, ಸರಸ್ವತಿಪುರಂ, ಜಯನಗರದ ಕಡೆ ಹಳೇ ಮನೆ, ದುಬಾರಿ ನೆಲ. ಶಿರಾ ಗೇಟ್‌ನಿಂದಾಚೆ, ಕುಣಿಗಲ್ ರಸ್ತೆ, ಗುಬ್ಬಿ ರಸ್ತೆ, ಕ್ಯಾತ್ಸಂದ್ರದ ಸುತ್ತ ಹೊಸ ಬಡಾವಣೆಗಳು. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಸ್ಟೇಷನ್ ಹತ್ತಿರವಿರಬೇಕು, ಬಸ್ಸಿನವರಿಗೆ ಬಟವಾಡಿ, ಕ್ಯಾತ್ಸಂದ್ರ ಅನುಕೂಲ. ರೈಲು ಹಳಿಯಾಚೆ ಮನೆಯಾದರೆ ಜೋರು ಮಳೆ ಬಂದ ದಿನ ಅಂಡರ್‌ಪಾಸ್ ದಾಟಿ ನೋಡಿ. ಮಿಕ್ಕ ದಿನ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಊರಿಗೆ ಕುಡಿಯುವ ನೀರು ಬರುವುದು ಹೇಮಾವತಿಯಿಂದ, ಬುಗುಡನಹಳ್ಳಿ ಕೆರೆಯ ಮೂಲಕ. ಮನೆ ಮುಂದೆ ನಲ್ಲಿ ಇದೆ ಎಂದ ಮಾತ್ರಕ್ಕೆ ಅದರಲ್ಲಿ ನೀರು ಬರುತ್ತದೆ ಎಂದಲ್ಲ. ಬ್ರೋಕರನ್ನು ಕೇಳಬೇಡಿ. ಪಕ್ಕದ ಮನೆಯ ಅಕ್ಕನೋ ಆಂಟಿಯೋ ಬಾಗಿಲಲ್ಲಿದ್ದರೆ ನಿಂತು ಕೇಳಿ: "ಅಕ್ಕ, ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಂದ್ಸಲ ನೀರು ಬಿಡ್ತಾರೆ? ಎಷ್ಟೊತ್ತಿಗೆ? ಟ್ಯಾಂಕರ್ ತರಿಸ್ಕೊತೀರಾ?" ಒಂದೇ ಬೀದಿಯ ಎರಡು ಮನೆಯಲ್ಲಿ ಕೇಳಿದರೆ ನಿಜ ಗೊತ್ತಾಗುತ್ತದೆ. ಬೋರ್‌ವೆಲ್ ಇದ್ದರೆ ಹತ್ತು ನಿಮಿಷ ಮೋಟಾರ್ ಓಡಿಸಿ ನೋಡಿ, ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ. ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್, ಗಡಸುತನ ಎರಡೂ ಇರುವ ಕಡೆಗಳಿವೆ. ಚರಂಡಿ ಊರಿನ ಒಳಚರಂಡಿಗೆ (ಯುಜಿಡಿ) ಸೇರಿದೆಯೋ, ಅಂಗಳದ ಗುಂಡಿಗೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

"ಮೆಟ್ರೊ ಬರುತ್ತೆ ಸಾರ್, ಈಗಲೇ ತಗೊಳ್ಳಿ" ಎಂದು ಬೆಲೆ ಏರಿಸುವವರಿಗೆ, ಬಂದ ಮೇಲೆ ಆ ಬೆಲೆ ಕೊಡುತ್ತೇನೆ ಎನ್ನಿ.

ಹೊಲ ಸೈಟಾದ ದಾರಿ

ಈಗ ಕಾಗದ. ಹೊಸ ಬಡಾವಣೆಯ ಮನೆಗೆ ಮೂರು ಘಟ್ಟದ ದಾಖಲೆ ಇರಬೇಕು. ಒಂದು, ಕೃಷಿ ಜಮೀನು ವಸತಿಗೆ ಪರಿವರ್ತನೆಯಾದ ಆದೇಶ. ಎಲ್ಲರೂ ಡಿ.ಸಿ. ಕನ್ವರ್ಷನ್ ಎನ್ನುವುದು ಇದನ್ನೇ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆಗುವಂಥದ್ದು. ಎರಡು, ಬಡಾವಣೆ ನಕ್ಷೆಗೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಟೂಡಾದ ಮಂಜೂರಾತಿ. ಮೂರು, ರಸ್ತೆ, ಚರಂಡಿ, ಕರೆಂಟು ಮುಗಿದ ಹಾಗೆಲ್ಲ ಹಂತಹಂತವಾಗಿ ಟೂಡಾ ಕೊಡುವ ಸೈಟ್ ಬಿಡುಗಡೆ ಪತ್ರ. ಕನ್ವರ್ಷನ್ ಆಗಿದೆ, ಅಷ್ಟು ಸಾಕು ಎನ್ನುವವರು ಬಹಳ. ಕನ್ವರ್ಷನ್ ಆಗಿ ನಕ್ಷೆ ಮಂಜೂರಾಗದ ಜಾಗದಲ್ಲಿ ರಸ್ತೆಯೂ ಖಾಸಗಿ, ಪಾರ್ಕೂ ಖಾಸಗಿ. ಎರಡೂ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ್ದರೆ ಅದು ರೆವಿನ್ಯೂ ಸೈಟು. ಎಷ್ಟೇ ಚೆಂದದ ಮನೆ ಮೇಲಿದ್ದರೂ ಕೈ ಹಾಕಬೇಡಿ ಎನ್ನುವುದು ನನ್ನ ಸಲಹೆ. ಅಗ್ಗ ಎಂದು ಕೊಂಡವರು ಮಾರುವಾಗಲೂ ಅಗ್ಗಕ್ಕೇ ಮಾರಬೇಕಾಗುತ್ತದೆ, ಅದೂ ಗಿರಾಕಿ ಸಿಕ್ಕರೆ.

ಟೂಡಾ ಮಂಜೂರು ಮಾಡಿದ ಮೂಲ ನಕ್ಷೆಯ ಪ್ರತಿ ತೆಗೆದುಕೊಂಡು ನಿಮ್ಮ ಸೈಟ್ ನಂಬರ್ ಹುಡುಕಿ. ಮಾರುವವರ ಬ್ರೋಷರ್‌ನಲ್ಲಿ ಸೈಟಾಗಿದ್ದದ್ದು ನಕ್ಷೆಯಲ್ಲಿ ಪಾರ್ಕೋ ನಾಗರಿಕ ಸೌಲಭ್ಯದ ಜಾಗವೋ ಆಗಿರಬಹುದು. ಆಮೇಲೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತು ತೆರೆಯಿರಿ. ನೀವು ನಿಂತಿರುವ ಸರ್ವೆ ನಂಬರ್, ಕೆರೆ, ಕಾಲುವೆ, ಸರ್ಕಾರಿ ಜಾಗದ ಗುರುತು ಕಾಣುತ್ತದೆ. ಅಮಾನಿಕೆರೆ, ಮರಳೂರು ಕೆರೆ, ಭೀಮಸಂದ್ರದಂಥ ಕೆರೆಗಳಿರುವ ಊರು ಇದು, ಕೆರೆಯಿಂದ ಕೆರೆಗೆ ಹರಿಯುವ ಹಳ್ಳ ಎಲ್ಲೋ ಒಂದು ಕಡೆ ಯಾರದೋ ಕಾಂಪೌಂಡಿನ ಕೆಳಗಿರುತ್ತದೆ. ಆ್ಯಪ್ ಸುಳಿವು ಮಾತ್ರ ಕೊಡುತ್ತದೆ. ಗೊಂದಲ ಕಂಡರೆ ಗ್ರಾಮ ನಕ್ಷೆ ತರಿಸಿ, ಸರ್ವೆಯರ್‌ನಿಂದ ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ. ಪಹಣಿಯಲ್ಲಿ ಬ-ಖರಾಬು ಎಂದು ಬರೆದಿರುವ ಗುಂಟೆಗಳು ಸಾರ್ವಜನಿಕ ಬಳಕೆಯವು, ದಾರಿಯೋ ಹಳ್ಳವೋ. ಅವನ್ನೂ ಸೈಟ್ ಮಾಡಿ ಮಾರಿದವರು ಇದ್ದಾರೆ.

ಇನ್ನೊಂದು ಮುಖ್ಯವಾದದ್ದು: ಹಳೇ ಪಹಣಿಯಲ್ಲಿ ಆ ಸರ್ವೆ ನಂಬರು ಸರ್ಕಾರ ಯಾರಿಗೋ ಮಂಜೂರು ಮಾಡಿದ ಜಮೀನೇ ಎಂದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಜಮೀನು ಮೂಲ ಮಂಜೂರುದಾರರ ವಾರಸುದಾರರಿಗೆ ಹಿಂದಿರುಗಬಹುದು. ಅರ್ಜಿ ಹಾಕಲು ಕಾಲಮಿತಿ ಇರುವುದಿಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಮನೆ ಕಟ್ಟಿ ಎಷ್ಟು ವರ್ಷವಾಗಿದೆ ಎನ್ನುವುದನ್ನು ನಂಬಿ ಕೂರುವ ಹಾಗಿಲ್ಲ.

ಟೂಡಾ, ಗೃಹ ಮಂಡಳಿ ಅಥವಾ ಸಹಕಾರ ಸಂಘ ಹಂಚಿದ ಸೈಟಿನ ಮನೆಯಾದರೆ ದಾರಿ ಸುಗಮ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ ಮೂರೂ ಇವೆಯೇ, ಮಾರಬಾರದ ಅವಧಿ ಮುಗಿದಿದೆಯೇ ನೋಡಿದರೆ ಆಯಿತು.

ಇ.ಸಿ. ಓದುವುದು ಹೇಗೆ

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ, ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಅದನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ತೆಗೆಯಬಹುದು. ಆನ್‌ಲೈನಿನಲ್ಲಿ ಸಿಗದಷ್ಟು ಹಳೇ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ.

ನಮೂನೆ 16 ಬಂತು ಎಂದು ಖುಷಿಪಡುವ ಮೊದಲು, ಯಾವ ವಿವರ ಕೊಟ್ಟು ಹುಡುಕಿದರು ಎಂದು ನೋಡಿ. ಇ.ಸಿ. ಆಸ್ತಿಯ ವಿವರದ ಮೇಲೆ ಹುಡುಕಿ ಸಿಗುವಂಥದ್ದು. ಇಂದಿನ ವಾರ್ಡ್ ಮತ್ತು ಖಾತಾ ನಂಬರ್ ಕೊಟ್ಟರೆ, ಅದೇ ಜಾಗ ಹಳ್ಳಿಯ ಹೆಸರಲ್ಲಿ, ಸರ್ವೆ ನಂಬರಲ್ಲಿ ಇದ್ದಾಗಿನ ವ್ಯವಹಾರ ಕಣ್ಣಿಗೆ ಬೀಳುವುದಿಲ್ಲ. ಪಾಲಿಕೆಗೆ ಆಮೇಲೆ ಸೇರಿದ ಹಳ್ಳಿಗಳ ಜಾಗದಲ್ಲಿ ಇದು ತಪ್ಪದೆ ಎದುರಾಗುವ ಸಮಸ್ಯೆ. ಗ್ರಾಮ ಮತ್ತು ಸರ್ವೆ ನಂಬರಿಗೆ ಒಂದು, ಸೈಟ್ ನಂಬರಿಗೆ ಒಂದು, ಖಾತಾ ನಂಬರಿಗೆ ಒಂದು, ಹೀಗೆ ಬೇರೆಬೇರೆಯಾಗಿ ತೆಗೆಸಿ.

ಒಂದು ಇ.ಸಿ. ಹೀಗಿದೆ ಅಂದುಕೊಳ್ಳಿ. 1998: ಬಡಾವಣೆಯವರಿಂದ ಅಪ್ಪನಿಗೆ ಕ್ರಯ. 2007: ಬ್ಯಾಂಕಿಗೆ ಅಡಮಾನ. 2013: ಬೇರೊಬ್ಬರಿಗೆ ಕ್ರಯ ಕರಾರು. 2016: ಅಪ್ಪನಿಂದ ಮಗನಿಗೆ ದಾನಪತ್ರ. ಈಗ ಮಗ ಮಾರುತ್ತಿದ್ದಾನೆ. ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಕೇಳಬೇಕಾದದ್ದು ಇದು. 2007ರ ಅಡಮಾನಕ್ಕೆ ಬಿಡುಗಡೆ ಪತ್ರ ಎಲ್ಲಿ? ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬಿಡುಗಡೆಯೂ ಇ.ಸಿ.ಯಲ್ಲಿ ಬರಬೇಕು. 2013ರ ಕರಾರು ರದ್ದಾಗಿದೆಯೇ? ಆಗಿಲ್ಲದಿದ್ದರೆ ಆ ಕರಾರುದಾರರು ರದ್ದತಿಗೆ ಸಹಿ ಹಾಕಲಿ. 1998ರಲ್ಲಿ ಅಪ್ಪ ಕೊಂಡದ್ದು ಸ್ವಂತ ಸಂಪಾದನೆಯಿಂದಲೋ, ಪಿತ್ರಾರ್ಜಿತ ಜಮೀನು ಮಾರಿದ ದುಡ್ಡಿನಿಂದಲೋ? ಸ್ವಂತದ್ದಾದರೆ ಯಾರಿಗೆ ಬೇಕಾದರೂ ದಾನ ಕೊಡಬಹುದು. ಕುಟುಂಬದ ದುಡ್ಡಾದರೆ ಮಗಳಂದಿರೂ ಪಾಲು ಕೇಳಬಹುದು.

ಇ.ಸಿ.ಯಲ್ಲಿ ಕಾಣದ್ದೂ ಇದೆ: ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಕೋರ್ಟ್ ಕೇಸು, ಬಾಕಿ ತೆರಿಗೆ. ಕೇಸಿಗಾಗಿ ಇ-ಕೋರ್ಟ್ಸ್ ತಾಣದಲ್ಲಿ ತುಮಕೂರು ಜಿಲ್ಲೆ ಆರಿಸಿ ಮಾರುವವರ, ಅವರ ಅಪ್ಪನ ಹೆಸರಲ್ಲಿ ಹುಡುಕಿ. ಎ.ಸಿ. (ಉಪವಿಭಾಗಾಧಿಕಾರಿ), ಡಿ.ಸಿ. (ಜಿಲ್ಲಾಧಿಕಾರಿ) ಕೋರ್ಟಿನ ಕಂದಾಯ ಕೇಸುಗಳನ್ನು ಬೇರೆಯಾಗಿ ವಿಚಾರಿಸಬೇಕು.

ಅಕ್ಕತಂಗಿಯರ ಸಹಿ

ಇದಕ್ಕೇ ಒಂದು ಭಾಗ ಮೀಸಲಿಡುತ್ತೇನೆ, ಏಕೆಂದರೆ ಮಾರುವ ಮನೆಯವರು ಅತಿ ಸಲೀಸಾಗಿ ತಳ್ಳಿಹಾಕುವ ಮಾತು ಇದು. "ಅವರಿಗೆ ಮದುವೆಲೇ ಎಲ್ಲ ಕೊಟ್ಟಿದೀವಿ ಬಿಡಿ, ಅವರೇನೂ ಕೇಳಲ್ಲ." ಕೇಳುವುದು, ಬಿಡುವುದು ಅವರಿಷ್ಟ. ಕಾನೂನು ಬೇರೆ ಹೇಳುತ್ತದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, 2005ರಲ್ಲಿ ಕೇಂದ್ರದ ತಿದ್ದುಪಡಿ ಅದನ್ನು ವಿಸ್ತರಿಸಿತು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ಮಾರಾಟ, ಉಯಿಲು, ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯ ವಿಭಾಗಗಳಿಗೆ ಇದರಿಂದ ಧಕ್ಕೆ ಇಲ್ಲ.

ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಬ್ಬರದೂ ಹಕ್ಕು ಬಿಡುಗಡೆ ಪತ್ರ ಇದೆಯೇ, ಇಲ್ಲದಿದ್ದರೆ ಅವರು ಕ್ರಯಪತ್ರಕ್ಕೇ ಬಂದು ಸಹಿ ಹಾಕುತ್ತಾರೆಯೇ ನೋಡಿ. ತೀರಿಹೋದ ಮಗಳ ಮಕ್ಕಳನ್ನೂ ಮರೆಯಬೇಡಿ. ಪಾಲುದಾರರಲ್ಲಿ 18 ತುಂಬದವರಿದ್ದರೆ ಕೋರ್ಟ್ ಅನುಮತಿಯ ವಿಷಯ ಬರುತ್ತದೆ, ವಕೀಲರನ್ನು ಕೇಳದೆ ಮುಂದಡಿ ಇಡಬೇಡಿ. ಜಿ.ಪಿ.ಎ., ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ ಹಿಡಿದು ತಾನೇ ಮಾಲೀಕ ಎನ್ನುವವರಿಂದ ದೂರವಿರಿ. ಜಿ.ಪಿ.ಎ. ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲೇ ತೀರ್ಪಾಗಿದೆ.

ಖಾತೆ

ಖಾತೆ ತೆರಿಗೆ ಕಟ್ಟುವವರ ದಾಖಲೆ, ಮಾಲೀಕತ್ವಕ್ಕೆ ಅದೊಂದೇ ಸಾಕ್ಷಿಯಲ್ಲ. ಆದರೂ ಇ-ಖಾತಾ ಇಲ್ಲದೆ ಇವತ್ತು ನೋಂದಣಿ ಮುಂದೆ ಹೋಗುವುದಿಲ್ಲ. ಪಾಲಿಕೆಯ ಇ-ಖಾತಾ ತೋರಿಸಿ ಎಂದಾಗ ಅದು ಎ ಖಾತೆಯೋ ಬಿ ಖಾತೆಯೋ ಎಂದು ಮೊದಲು ಓದಿ. ಮಂಜೂರಾತಿ ಇಲ್ಲದ ಬಡಾವಣೆಗಳ ಆಸ್ತಿಯನ್ನು ತೆರಿಗೆ ಲೆಕ್ಕಕ್ಕೆ ತರಲು ಕೊಟ್ಟದ್ದು ಬಿ ಖಾತೆ, ಅದು ಅಕ್ರಮವನ್ನು ಸಕ್ರಮ ಮಾಡುವುದಿಲ್ಲ. ಸಾಮಾನ್ಯವಾಗಿ ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡುತ್ತವೆ. ಪಂಚಾಯ್ತಿ ವ್ಯಾಪ್ತಿಯಾದರೆ ಅಲ್ಲಿನ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ.

ಇನ್ನು ಮನೆಯೊಳಗೆ

ಈ ಹೊತ್ತಿಗೆ ಕಾಗದ ಸರಿ ಎನಿಸಿದ್ದರೆ ಟೇಪು ಹಿಡಿದು ಹೋಗಿ. ಕ್ರಯಪತ್ರದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ವಿವರ ಜೋರಾಗಿ ಓದಿಸಿ, ನಾಲ್ಕೂ ದಿಕ್ಕು ಅಳೆಯಿರಿ. ಪತ್ರದಲ್ಲಿ ಪೂರ್ವಕ್ಕೆ 30 ಅಡಿ ರಸ್ತೆ ಎಂದಿದ್ದು ಸ್ಥಳದಲ್ಲಿ 20 ಅಡಿ ಇದ್ದರೆ, ಆ ಹತ್ತು ಅಡಿ ಯಾರ ಕಾಂಪೌಂಡಿನೊಳಗಿದೆ? ನೀವು ಕೊಳ್ಳುತ್ತಿರುವ ಕಾಂಪೌಂಡೇ ಆಗಿದ್ದರೆ ನಾಳೆ ಜೆಸಿಬಿ ಬರುವುದು ನಿಮ್ಮ ಬಾಗಿಲಿಗೆ. ಪಾಲಿಕೆಯಿಂದ ಮಂಜೂರಾದ ಪ್ಲಾನ್ ಜೊತೆ ಹೋಲಿಸಿ: ಎರಡು ಅಂತಸ್ತಿಗೆ ಅನುಮತಿ ಇದ್ದು ಮೂರು ಎದ್ದಿದೆಯೇ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ.

ಕಟ್ಟಡ ನೋಡಲು ಪರಿಚಯದ ಸಿವಿಲ್ ಎಂಜಿನಿಯರನ್ನು ಕರೆದೊಯ್ಯಿರಿ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಬಾತ್‌ರೂಮಿನ ಹಿಂದಿನ ಗೋಡೆ, ಬೀರುವಿನ ಹಿಂಬದಿ, ಸಂಪಿನ ಒಳಗೋಡೆ ಈ ಮೂರನ್ನು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಬೆಸ್ಕಾಂ ಮೀಟರ್ ಯಾರ ಹೆಸರಲ್ಲಿದೆ, ಕಾಯಂ ಸಂಪರ್ಕವೋ ತಾತ್ಕಾಲಿಕವೋ ಬಿಲ್ ನೋಡಿ ತಿಳಿದುಕೊಳ್ಳಿ. ವಾಸ್ತು ನೋಡುವವರು ನೋಡಲಿ, ಆದರೆ ಅಡ್ವಾನ್ಸ್ ಕೊಟ್ಟ ಮೇಲೆ ವಾಸ್ತುವಿನವರನ್ನು ಕರೆತಂದು ಮನಸ್ಸು ಕೆಡಿಸಿಕೊಳ್ಳಬೇಡಿ.

ಫ್ಲಾಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ನೋಡಿ. 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ಅದು ಕಡ್ಡಾಯ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಅಡ್ವಾನ್ಸ್, ಕರಾರು

"ಬೆಳಗ್ಗೆನೇ ಇನ್ನೊಂದು ಪಾರ್ಟಿ ಬಂದು ಹೋದ್ರು ಸಾರ್, ಸಂಜೆಯೊಳಗೆ ಟೋಕನ್ ಹಾಕ್ಬಿಡಿ." ಹಾಕಬೇಡಿ. ನಿಮ್ಮದೇ ವಕೀಲರು, ಮಾರುವವರಾಗಲೀ ಬ್ರೋಕರಾಗಲೀ ತೋರಿಸಿದವರಲ್ಲ, ದಾಖಲೆ ಓದಿ ಬರವಣಿಗೆಯಲ್ಲಿ ಅಭಿಪ್ರಾಯ ಕೊಡಲಿ. "ಬ್ಯಾಂಕಿನವರೇ ಲೋನ್ ಕೊಟ್ಟಿದಾರೆ" ಎನ್ನುವುದು ಉತ್ತರವಲ್ಲ. ಬ್ಯಾಂಕು ತನ್ನ ಸಾಲ ವಸೂಲಾಗುವಷ್ಟು ಮಟ್ಟಿಗೆ ನೋಡಿಕೊಳ್ಳುತ್ತದೆ. ಕುಟುಂಬದ ಆಸ್ತಿಯಾದರೆ ಸ್ಥಳೀಯ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರಿರುವವರು ಆಗಲೇ ಎದ್ದು ಬರುತ್ತಾರೆ.

ಕರಾರಿನಲ್ಲಿ ಇವು ಇರಲೇಬೇಕು: ಅಡ್ವಾನ್ಸ್ ಯಾವ ಚೆಕ್ಕು ಅಥವಾ ಆರ್‌ಟಿಜಿಎಸ್‌ನಲ್ಲಿ ಹೋಯಿತು, ಎಷ್ಟು ತಿಂಗಳಲ್ಲಿ ಕ್ರಯ, ಹಕ್ಕಿನಲ್ಲಿ ದೋಷ ಕಂಡರೆ ಅಥವಾ ಬ್ಯಾಂಕ್ ಸಾಲ ನಿರಾಕರಿಸಿದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ಸು, ಬಾಡಿಗೆದಾರರನ್ನು ಖಾಲಿ ಮಾಡಿಸುವ ಹೊಣೆ ಯಾರದು, ಅವರ ಡೆಪಾಸಿಟ್ ಯಾರು ಹಿಂದಿರುಗಿಸಬೇಕು.

ರಿಜಿಸ್ಟ್ರೇಷನ್ ದಿನ

ಕಾವೇರಿ 2.0ರಲ್ಲಿ ಕರಡು ಪತ್ರ ಹಾಕಿ, ಸಬ್ ರಿಜಿಸ್ಟ್ರಾರ್ ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ಸಮಯ ಗೊತ್ತು ಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು, ತುಮಕೂರಿನಲ್ಲಿ ರಶ್ ಇದ್ದರೆ ಗುಬ್ಬಿಗೆ ಹೋಗಿ ಬನ್ನಿ. ಹಿಂದಿನ ದಿನ ಇ.ಸಿ. ಇನ್ನೊಮ್ಮೆ ತೆಗೆದು ನೋಡಿ. ಕರಡಿನಲ್ಲಿ ಹೆಸರಿನ ಇನಿಷಿಯಲ್, ಸರ್ವೆ ನಂಬರ್, ಅಳತೆ, ಚಕ್ಕುಬಂದಿ ನೀವೇ ಓದಿ. ಒಂದಂಕಿ ತಪ್ಪಾದರೂ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನೇ ಮತ್ತೆ ಕರೆತರಬೇಕು.

ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿ.ಡಿ.ಎಸ್. (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಅದು 50 ಸಾವಿರ, ಮಾರುವವರಿಗೆ ಮೊದಲೇ ಹೇಳಿರಿ. ಅವರು ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿರುವ ಅನಿವಾಸಿಯಾದರೆ ದರವೂ ವಿಧಾನವೂ ಬೇರೆ, ಲೆಕ್ಕಪರಿಶೋಧಕರನ್ನು ಕಾಣಿ.

ಆಮೇಲೆ

ಖಾತೆ, ಬೆಸ್ಕಾಂ ಮೀಟರ್, ನೀರಿನ ಸಂಪರ್ಕ ನಿಮ್ಮ ಹೆಸರಿಗೆ ಬಂದಿವೆಯೇ ನೋಡಿಕೊಳ್ಳಿ. ಮೂಲ ಪತ್ರಗಳು ಸಾಲಕ್ಕಾಗಿ ಬ್ಯಾಂಕಿಗೆ ಹೋಗುವ ಮುಂಚೆ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಸಿ. ಯಾವ ಯಾವ ದಾಖಲೆ ಕೊಟ್ಟಿರಿ ಎಂಬ ಪಟ್ಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಅವನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆ ದಿನ ಈ ಪಟ್ಟಿ ಕೈಯಲ್ಲಿದ್ದರೆ ಯಾವ ಪತ್ರ ಬಂತು, ಯಾವುದು ಬರಲಿಲ್ಲ ಎಂದು ಕೌಂಟರಿನಲ್ಲೇ ಹೊಂದಿಸಿ ನೋಡಬಹುದು.